ತಿರಸ್ಕೃತರಿಗೆ ಹಾರ್ದಿಕ ಅಭಿನಂದನೆಗಳು

ಗಂಗರತ್ನಮ್ಮನಿಗೆ ಒಂಬತ್ತು ವರ್ಷದಲ್ಲಿ ಹತ್ತು ಸಲ ಕೆಲಸ ಸಿಕ್ಕಿತ್ತು. ಹತ್ತು ಸಲವೂ ಅದೇ ಕೆಲಸ, ಅದೇ ಕುರ್ಚಿ.

ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಹೋಗುವ ರಸ್ತೆಯಲ್ಲಿ, ಗಾಡಿಗಳಿಗೆ ವೈರಿನ ಕಟ್ಟು ಮಾಡಿಕೊಡುವ ವರ್ಧಿನಿ ವೈರಿಂಗ್ಸ್ ಎಂಬ ಕಾರ್ಖಾನೆಯಲ್ಲಿ ಆಕೆ ಎಚ್‌ಆರ್ ವಿಭಾಗ ನೋಡಿಕೊಳ್ಳುತ್ತಿದ್ದಳು. ವಿಭಾಗ ಎಂದರೆ ಒಂದು ಮೇಜು, ಒಂದು ಕಂಪ್ಯೂಟರು, ಮತ್ತು ಆಕೆ. ಅಲ್ಲಿ ಗುತ್ತಿಗೆಯವರ ಕೆಲಸ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ. ಮುಗಿದ ದಿನ ಕೊರಳಿನ ಬಿಳಿ ಕಾರ್ಡು ಬಿಚ್ಚಿ ಗೇಟಿನಲ್ಲಿ ಕೊಟ್ಟು ಮನೆಗೆ ಹೋಗಬೇಕು. ಎರಡು ದಿನ ಬಿಟ್ಟು ಬಂದು ಹೊಸದಾಗಿ ಅರ್ಜಿ ತುಂಬಬೇಕು. ಗಂಗರತ್ನಮ್ಮನ ವಿಷಯದಲ್ಲಿ ಅರ್ಜಿ ಕೊಡುವವಳೂ ಅವಳೇ, ತುಂಬುವವಳೂ ಅವಳೇ, ಇಸಿದುಕೊಂಡು ಸೀಲು ಒತ್ತುವವಳೂ ಅವಳೇ. "ನಮ್ಮ ಸಂಸ್ಥೆಯ ಬಗ್ಗೆ ನಿಮಗೆ ಹೇಗೆ ತಿಳಿಯಿತು?" ಎಂಬ ಪ್ರಶ್ನೆಗೆ ಪ್ರತಿ ವರ್ಷ ಆಕೆ "ಇಲ್ಲೇ ಇದ್ದೆ" ಎಂದು ಬರೆಯುತ್ತಿದ್ದಳು.

ನಗುವ ಮಾತೇ ಸರಿ. ಆದರೆ ಆ ಎರಡು ದಿನ ಅವಳಿಗೆ ನಗು ಬರುತ್ತಿರಲಿಲ್ಲ. ಆ ಎರಡು ದಿನ ಆಕೆ ಯಾರೂ ಅಲ್ಲ. ಬೆಳಿಗ್ಗೆ ಎದ್ದು ಸೀರೆ ಉಟ್ಟು ಬಾಗಿಲ ತನಕ ಬಂದು ವಾಪಸ್ ಒಳಗೆ ಹೋಗುವಳು. ಈ ಸಲ ಕರೆಯದೇ ಹೋದರೆ ಎಂಬ ಹೆದರಿಕೆಗೆ ಫೋನನ್ನು ಮತ್ತೆ ಮತ್ತೆ ತೆಗೆದು ನೋಡುವಳು. ಖಾಯಂ ಆದವರಿಗೆ ಹಳದಿ ಕಾರ್ಡು. ಅದನ್ನು ಯಾರೂ ಬಿಚ್ಚಿಸಿಕೊಳ್ಳುವುದಿಲ್ಲ. ನಲವತ್ತಾರು ವರ್ಷದ ಗಂಗರತ್ನಮ್ಮನಿಗೆ ಲೋಕದಲ್ಲಿ ಬೇಕಾಗಿದ್ದು ಆ ಹಳದಿ ಕಾರ್ಡು ಒಂದೇ.

ಅಷ್ಟರಲ್ಲಿ ಸಾಯಿಕುಮಾರ್ ಎಂಬ ಹುಡುಗ ಒಂದು ಕೆಲಸ ಮಾಡಿಬಿಟ್ಟ. ಉದ್ಯೋಗದವರಿಗೆಂದೇ ಒಂದು ಸಾಮಾಜಿಕ ಜಾಲತಾಣ ಇದೆಯಲ್ಲ, ಫೇಸ್‌ಬುಕ್ಕಿಗೆ ಇನ್‌ಶರ್ಟ್ ಮಾಡಿಸಿ ಕೂರಿಸಿದ ಹಾಗೆ ಇರುತ್ತದೆ. ಅಲ್ಲಿ ಯಾರೂ ಅಳುವುದಿಲ್ಲ, ಎಲ್ಲರೂ ಎಲ್ಲದಕ್ಕೂ ಹೆಮ್ಮೆಪಡುತ್ತಿರುತ್ತಾರೆ. ಅಲ್ಲಿ ವರ್ಧಿನಿಯ ಪೇಜಿಗೆ ಹೋಗಿ ಅವನು ಬರೆದ: "ಮಾರಿಕುಪ್ಪಂನಿಂದ ಮೊದಲ ರೈಲಿಗೆ ಬಂದೆ. ಎಂಟರಿಂದ ನಾಲ್ಕರ ತನಕ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂರಿಸಿದರು. ಒಳಗೆ ಕರೆದು, ನಿಮ್ಮ ದೌರ್ಬಲ್ಯ ಏನು ಎಂದರು. ಹಸಿವು ಎಂದೆ. ತಿಳಿಸುತ್ತೇವೆ ಎಂದರು. ಐದು ತಿಂಗಳಾಯಿತು." ಕೆಳಗೆ ಒಂದೇ ಒಂದು ಸ್ಟಾರು ಒತ್ತಿದ. ವಾರದೊಳಗೆ ಆರುನೂರು ಜನ ಅದನ್ನು ಮೆಚ್ಚಿಕೊಂಡರು. ಕಾರ್ಖಾನೆಯ ಕಾಂಪೌಂಡು ಕೂಡ ನೋಡದವರು ಬಂದು ಒಂದೊಂದು ಸ್ಟಾರು ಒತ್ತಿ ಹೋದರು. ಗಾಳಿ ಬಂದಾಗ ತೂರಿಕೊಳ್ಳುವವರಿಗೆ ಎಲ್ಲಿ ಬರ ಹೇಳಿ?

ಬೆಂಗಳೂರಿನ ಹೆಡ್ ಆಫೀಸಿನಿಂದ ನಾಗೇಶ್ ಎಂಬ ಮ್ಯಾನೇಜರು ವಿಡಿಯೋ ಕಾಲಿನಲ್ಲಿ ಬಂದ. ಗಂಗರತ್ನಮ್ಮ ಅವನನ್ನು ಎದೆಯಿಂದ ಮೇಲೆ ಮಾತ್ರ ನೋಡಿದ್ದಳು.

"ಗಂಗಾ ಮೇಡಂ, ಕ್ಯಾಂಡಿಡೇಟುಗಳು ನಮ್ಮಲ್ಲಿಂದ ಹೋಗುವಾಗ ನಗ್‌ನಗ್ತಾ ಹೋಗ್ಬೇಕು. ಸೆಲೆಕ್ಟ್ ಆದವರು ಹೇಗೂ ಖುಷಿಯಾಗಿರ್ತಾರೆ, ಅವರನ್ನ ಬಿಟ್ಹಾಕಿ. ರಿಜೆಕ್ಟ್ ಆದವರನ್ನ ನೋಡ್ಕೊಳ್ಳಿ. ಇನ್ಮೇಲೆ ಪೇಜು ನಿಮ್ಮ ಕೈಲಿ. ಮೂರು ತಿಂಗಳಲ್ಲಿ ನಾಲ್ಕು ಸ್ಟಾರ್ ದಾಟಿಸಿ."

"ದಾಟಿದ್ರೆ ನನ್ ಪರ್ಮನೆಂಟ್ ವಿಷ್ಯ ಸಾರ್?"

"ಖಂಡಿತಾ ಪಾಸಿಟಿವ್ ಆಗಿ ನೋಡೋಣ ಮೇಡಂ."

ಅಡ್ಡಗೋಡೆಯ ಮೇಲೆ ದೀಪ ಇಟ್ಟು ನಾಗೇಶ್ ಪರದೆಯಿಂದ ಮಾಯವಾದ. ಗಂಗರತ್ನಮ್ಮ ಆ ದೀಪದ ಬೆಳಕೆಲ್ಲ ತನ್ನ ಕಡೆಗೇ ಎಂದುಕೊಂಡಳು.

ಸಂಜೆ ಗಂಡ ರಾಮಚಂದ್ರಪ್ಪ ಡೇರಿಗೆ ಹಾಕಲು ಹಾಲು ಕರೆಯುತ್ತಿದ್ದಾಗ ಹಸುವಿನ ಪಕ್ಕ ನಿಂತು ಕೇಳಿದಳು. "ಬೇಡ ಅಂದೋರ್ನ ಖುಸಿಯಾಗಿ ಎಂಗೆ ಕಳ್ಸೋದು?"

ರಾಮಚಂದ್ರಪ್ಪ ಕೆಚ್ಚಲಿನಿಂದ ಕೈ ತೆಗೆಯದೆ ಹೇಳಿದ. "ಅದೇನ್ ಬ್ರಮ್ಮವಿದ್ಯೆನಾ? ಡೇರಿ ಸೆಕ್ರೆಟ್ರಿನ ಎತ್ತಂಗಡಿ ಮಾಡ್ದಾಗ ಏನ್ ಮಾಡುದ್ರು? ಶಾಲು ಆಕಿ, ಪೇಟ ಇಟ್ಟು, ಫೋಟೋ ಇಡುಸ್ಕೊಂಡು ಕಳುಸುದ್ರು. ಆವಯ್ಯ ನಗ್ತಾ ನಗ್ತಾ ಓದ. ಬೇಡಾದೋರ್ಗೇ ಕಣಮ್ಮೀ ಸನ್ಮಾನ ಮಾಡೋದು. ಬೇಕಾದೋರ್ಗೆ ಯಾರ್ ಮಾಡ್ತಾರೆ?"

ಇಷ್ಟು ವರ್ಷ ಸಂಸಾರ ಮಾಡಿ, ಗಂಡನ ಬಾಯಲ್ಲಿ ಇಂಥ ತೂಕದ ಮಾತು ಗಂಗರತ್ನಮ್ಮ ಕೇಳಿರಲಿಲ್ಲ.

ಮೊದಲ ಸನ್ಮಾನ ರಾಬರ್ಟ್‌ಸನ್‌ಪೇಟೆಯ ನವ್ಯಳಿಗೆ. ಗಂಗರತ್ನಮ್ಮ ಹಿಂದಿನ ದಿನವೇ ಜಾಲತಾಣದಲ್ಲಿ ಅವಳಿಗೆ ಸಂದೇಶ ಕಳಿಸಿದ್ದಳು: "ರೈಲು ತಡವಾದರೆ ಗಾಬರಿಯಾಗಬೇಡಮ್ಮ, ಸಾಹೇಬರನ್ನು ಕೂರಿಸಿರುತ್ತೇನೆ. ತಿಂಡಿ ಇಲ್ಲೇ ತಿನ್ನು." ಹುಡುಗಿ ಬಂದಳು, ಉಪ್ಪಿಟ್ಟು ತಿಂದಳು, ಕುರ್ಚಿಯಲ್ಲಿ ಕೂತಳು. ಕೈ ಬಲು ಚುರುಕು. ಆದರೆ ಆಳು ಗಿಡ್ಡ, ಬೆಂಚು ಎತ್ತರ. ಸೂಪರ್‌ವೈಸರು ಬೇಡ ಎಂದ. ಗಂಗರತ್ನಮ್ಮ ಅವಳನ್ನು ಕ್ಯಾಂಟೀನಿಗೆ ಕರೆದೊಯ್ದು, ಶಾಲು ಹೊದಿಸಿ, ಹಾರ ಹಾಕಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟಳು. ಊಟಕ್ಕೆ ಬಂದಿದ್ದ ಕೆಲಸಗಾರರೆಲ್ಲ ಎಡಗೈಯಲ್ಲಿ ಮೇಜು ಬಡಿದರು.

"ಆಂಟಿ, ಅಂದ್ರೆ ಕೆಲಸ?" ಎಂದಳು ನವ್ಯ.

"ಇಲ್ಲ ಕಣಮ್ಮ. ಅದ್ಕೇ ಶಾಲು. ನಗು, ಫೋಟೋ ತೆಗೀತೀನಿ."

ಸಂಜೆ ಪೇಜಿನಲ್ಲಿ ಫೋಟೋ ಬಂತು. ಕೆಳಗೆ ಗಂಗರತ್ನಮ್ಮನ ಬರಹ: "ಇಂದು ನಮ್ಮ ಸಂಸ್ಥೆಯಿಂದ ತಿರಸ್ಕೃತರಾದ ಕು. ನವ್ಯ ಅವರಿಗೆ ಹಾರ್ದಿಕ ಅಭಿನಂದನೆಗಳು. ಇವರು ಹದಿನೆಂಟು ಬಣ್ಣದ ವೈರುಗಳನ್ನು ಒಂದೂವರೆ ನಿಮಿಷದಲ್ಲಿ ಬೇರೆ ಮಾಡಿದರು. ನಮ್ಮ ಬೆಂಚು ಇವರಿಗೆ ಎಟುಕಲಿಲ್ಲ. ತಪ್ಪು ಬೆಂಚಿನದು. ಇವರನ್ನು ತಿರಸ್ಕರಿಸಲು ಸಂಸ್ಥೆ ಹೆಮ್ಮೆಪಡುತ್ತದೆ." ನವ್ಯ ಐದು ಸ್ಟಾರು ಒತ್ತಿದಳು. ಅವಳ ಚಿಕ್ಕಪ್ಪ, ದೊಡ್ಡಪ್ಪ, ಕಾಲೇಜಿನ ಗೆಳತಿಯರು, ಮದ್ರಾಸಿನಲ್ಲಿದ್ದ ಅತ್ತೆ, ಎಲ್ಲರೂ ಒತ್ತಿದರು.

ಅಲ್ಲಿಂದ ಮುಂದೆ ತಿರಸ್ಕಾರಕ್ಕೆ ಬಿಡುವೇ ಇಲ್ಲ. ವಾರಕ್ಕೆ ಎರಡು ದಿನ, ದಿನಕ್ಕೆ ಹತ್ತು ಹನ್ನೆರಡು ಜನ. ಗಂಗರತ್ನಮ್ಮ ಒಬ್ಬರ ಬಗ್ಗೆಯೂ ಸುಳ್ಳು ಬರೆಯಲಿಲ್ಲ. ಅದು ಅವಳಿಗೆ ಬರುತ್ತಲೂ ಇರಲಿಲ್ಲ. ಪ್ರತಿಯೊಬ್ಬರಲ್ಲೂ ಒಂದು ಒಳ್ಳೆಯದನ್ನು ಹುಡುಕಿ ಬರೆಯುತ್ತಿದ್ದಳು. ಅದನ್ನು ಓದಿ ಬೇರೆ ಕಂಪನಿಯವರು ಮೂರು ನಾಲ್ಕು ಜನರನ್ನು ಕರೆದದ್ದೂ ಉಂಟು. ರಾಬರ್ಟ್‌ಸನ್‌ಪೇಟೆಯ ಅಂಗಡಿಯವನು ಆಕೆ ನಾಲ್ಕನೇ ಸಲ ಡಜನ್‌ಗಟ್ಟಲೆ ಶಾಲು ಕೊಳ್ಳಲು ಬಂದಾಗ ದನಿ ತಗ್ಗಿಸಿ ಕೇಳಿದ. "ಅಮ್ಮಾ, ಎಲೆಕ್ಷನ್ ಡಿಕ್ಲೇರ್ ಆಯ್ತಾ? ಯಾವ ಪಾರ್ಟಿ?"

ಒಂದೂವರೆ ತಿಂಗಳಿಗೆ ಪೇಜು ನಾಲ್ಕು ಸ್ಟಾರು ದಾಟಿತು. ತೊಂದರೆ ಶುರುವಾದದ್ದು ಆಗಲೇ. ಆಯ್ಕೆಯಾದವರು ಸಿಟ್ಟಾದರು. ಅವರಿಗೆ ಶಾಲಿಲ್ಲ, ಹಾರವಿಲ್ಲ, ಫೋಟೋ ಇಲ್ಲ. ಒಂದು ಕಾಗದ ಕೊಟ್ಟು ಸೋಮವಾರ ಆರಕ್ಕೆ ಬಾ ಎನ್ನುತ್ತಿದ್ದರು. ಒಬ್ಬ ಹುಡುಗನ ತಾಯಿ ಗೇಟಿಗೇ ಬಂದು ಜಗಳಕ್ಕೆ ನಿಂತಳು. "ಪಕ್ಕದ್ ಮನೆ ಉಡುಗುನ್ಗೆ ಶಾಲು, ನಮ್ ಉಡುಗುನ್ಗೆ ಬರೀ ಕೆಲ್ಸಾನಾ? ನಾವೇನ್ ಪಾಪ ಮಾಡಿದ್ವಿ?" ಇನ್ನೊಬ್ಬ "ಆಯ್ಕೆ ಮಾಡಿ ಅವಮಾನಿಸಿದರು" ಎಂದು ಪೇಜಿನಲ್ಲಿ ಬರೆದು ಒಂದು ಸ್ಟಾರು ಒತ್ತಿದ. ಆಯ್ಕೆಯಾದ ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ಕೆಲಸಕ್ಕೆ ಬರಲೇ ಇಲ್ಲ. ಅವರಲ್ಲಿ ಐದು ಜನ ಹೆಸರು ಚೂರು ತಿದ್ದಿಕೊಂಡು, ಈ ಸಲವಾದರೂ ತಿರಸ್ಕೃತರಾಗೋಣ ಎಂದು ಮತ್ತೆ ಅರ್ಜಿ ಹಾಕಿದರು.

ಬೆಂಚುಗಳು ಖಾಲಿ ಬಿದ್ದವು. ನಾಗೇಶ್ ಪರದೆಯ ಮೇಲೆ ಬಂದು ತಲೆ ಹಿಡಿದುಕೊಂಡ. "ಮೇಡಂ, ಸ್ಟಾರು ಸಾಕು, ಆಳು ಬೇಕು. ನಾಳೆ ಇಂಟರ್‌ವ್ಯೂ ನಾನೇ ಮಾಡ್ತೀನಿ. ಮೊದಲು ಬಂದವನು ಸೆಲೆಕ್ಟು, ಅವನು ಯಾರೇ ಆಗಿರಲಿ."

ಮೊದಲು ಬಂದವನು ಕೊಂಡಪ್ಪ. ಕಾಮಸಮುದ್ರದ ಕಡೆಯವನು, ಕುರಿ ಕಾಯುವವನು, ಐವತ್ತಾರು ವರ್ಷ. ಮೊಮ್ಮಗಳ ಫೋನಿನಿಂದ ಅರ್ಜಿ ಹಾಕಿಸಿದ್ದ. ಫೋಟೋಗೆಂದೇ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕ್ಷೌರ ಮಾಡಿಸಿಕೊಂಡು, ಬಾಡಿಗೆ ಟೆಂಪೋದಲ್ಲಿ ಬೀಗರನ್ನೂ ಕರೆದುಕೊಂಡು ಬಂದಿದ್ದ.

"ಏನೇನು ಕೆಲಸ ಬರುತ್ತೆ?" ಎಂದ ಪರದೆಯಿಂದ ನಾಗೇಶ್.

"ಏನೂ ಬರಲ್ಲ ಸಾಮಿ," ಎಂದ ಕೊಂಡಪ್ಪ, ಎದೆ ಉಬ್ಬಿಸಿ.

"ವೈರಿಂಗ್ ಬಗ್ಗೆ?"

"ಕರೆಂಟ್ ಕಂಡ್ರೆ ಬಯ. ಕಣ್ಣೂ ಸರ್ಯಾಗಿ ಕಾಣಲ್ಲ."

"ನಿಮ್ಮ ಪ್ರಾಮಾಣಿಕತೆ ಇಷ್ಟ ಆಯ್ತು. ಸೆಲೆಕ್ಟೆಡ್."

ಕೊಂಡಪ್ಪನ ಮುಖ ಇಷ್ಟೇ ಇಷ್ಟಾಯಿತು. ಗಂಗರತ್ನಮ್ಮನ ಕಡೆ ತಿರುಗಿ, "ಏಮಮ್ಮಾ, ನಾನೇನ್ ತೆಪ್ಪು ಏಳ್ದೆ?" ಎಂದ. ಹೊರಗೆ ಬೀಗರು ಪಟಾಕಿ ಸರ ಬಿಡಿಸಿ ಹಿಡಿದು ಕಾಯುತ್ತಿದ್ದರು. ವಿಷಯ ಕೇಳಿ ಅದನ್ನು ಮತ್ತೆ ಸುತ್ತಿಟ್ಟುಕೊಂಡರು. ಬಂದ ತಪ್ಪಿಗೆ ಕೊಂಡಪ್ಪ ಪ್ಯಾಕಿಂಗ್ ವಿಭಾಗಕ್ಕೆ ಸೇರಿದ. ದಿನಾ ಸಂಜೆ ಗಂಗರತ್ನಮ್ಮನ ಮೇಜಿನ ಹತ್ತಿರ ಬಂದು, "ಇವತ್ತಾದ್ರೂ ಕೆಲ್ಸದಿಂದ ತೆಗೀತಾರಾ?" ಎಂದು ವಿಚಾರಿಸಿಕೊಂಡೇ ಬಸ್ಸಿಗೆ ಹೋಗುವನು.

ಮೂರು ತಿಂಗಳು ತುಂಬಿದಾಗ ಪೇಜಿನಲ್ಲಿ ನಾಲ್ಕು ಪಾಯಿಂಟ್ ಎಂಟು ಸ್ಟಾರು ಇತ್ತು. ಹೆಡ್ ಆಫೀಸು ಮಾತಿಗೆ ತಪ್ಪಲಿಲ್ಲ. ಎಚ್‌ಆರ್ ವಿಭಾಗಕ್ಕೆ ಒಂದು ಖಾಯಂ ಹುದ್ದೆ ಮಂಜೂರು ಮಾಡಿತು. ಆದರೆ ನಿಯಮ ನಿಯಮವೇ. ಹುದ್ದೆಯನ್ನು ಜಾಲತಾಣದಲ್ಲಿ ಹಾಕಬೇಕು, ಯಾರು ಬೇಕಾದರೂ ಅರ್ಜಿ ಹಾಕಬಹುದು. ಜಾಹೀರಾತನ್ನು ಪೇಜಿನಲ್ಲಿ ಹಾಕಿದವಳು ಗಂಗರತ್ನಮ್ಮನೇ. ಮೊದಲ ಅರ್ಜಿಯೂ ಅವಳದೇ.

ಆಮೇಲೆ ಬಂದವು ನೋಡಿ! ಇಷ್ಟು ಪ್ರೀತಿಯಿಂದ ನಡೆಸಿಕೊಳ್ಳುವ ಕಂಪನಿ ಎಲ್ಲುಂಟು ಎಂದು ಬೆಂಗಳೂರಿನಿಂದ, ಹೊಸೂರಿನಿಂದ, ಪುಣೆಯಿಂದ ಅರ್ಜಿಗಳು ಬಂದವು. ನಾನೂರ ಹನ್ನೆರಡು. ಎಂಬಿಎ ಮಾಡಿದವರು, ಎರಡೆರಡು ಎಂಬಿಎ ಮಾಡಿದವರು. ಗಂಗರತ್ನಮ್ಮ ಕೂತು ಒಂದೊಂದನ್ನೂ ತೆರೆದು, ಎಲ್ಲರಿಗೂ "ನಿಮ್ಮ ಅರ್ಜಿ ತಲುಪಿದೆ, ಧೈರ್ಯವಾಗಿರಿ" ಎಂದು ಉತ್ತರ ಬರೆದಳು. ತನಗೂ ಬರೆದುಕೊಂಡಳು. ಪಟ್ಟಿಯಲ್ಲಿ ಹೆಸರು ಇದ್ದ ಮೇಲೆ ಒಬ್ಬರನ್ನು ಬಿಡುವುದು ಹೇಗೆ?

ನಾಗೇಶ್ ಶುಕ್ರವಾರ ಕಾರಿನಲ್ಲಿ ಬಂದ. ಅವನಿಗೆ ಕಾಲೂ ಇವೆ ಎಂದು ಅವತ್ತು ಗೊತ್ತಾಯಿತು. ಗಂಗರತ್ನಮ್ಮನ ಮೇಜಿನಲ್ಲಿ ಗಂಗರತ್ನಮ್ಮನ ಕುರ್ಚಿಯಲ್ಲಿ ಕೂತು, ಎದುರಿನ ಸ್ಟೂಲಿನಲ್ಲಿ ಕೂತ ಗಂಗರತ್ನಮ್ಮನಿಗೆ ಪ್ರಶ್ನೆ ಕೇಳಿದ. ಆಕೆ ಅವನಿಗೆ ಟೀ ತರಿಸಿಕೊಟ್ಟು ಉತ್ತರ ಹೇಳಿದಳು. ಎಲ್ಲದಕ್ಕೂ "ವೆರಿ ಗುಡ್" ಎಂದ. ಮಧ್ಯಾಹ್ನ ಊಟದ ಹೊತ್ತಿಗೆ "ಬನ್ನಿ ಮೇಡಂ, ಕ್ಯಾಂಟೀನಿಗೆ ಹೋಗೋಣ" ಎಂದ.

ಕ್ಯಾಂಟೀನಿನ ಬಾಗಿಲಲ್ಲಿ ಅವಳ ಕಾಲು ನಿಂತೇ ಹೋಯಿತು. ನಡುವೆ ಒಂದು ಕುರ್ಚಿ, ಅದಕ್ಕೆ ಬಿಳಿ ಬಟ್ಟೆ. ತಟ್ಟೆಯಲ್ಲಿ ಶಾಲು, ಏಲಕ್ಕಿ ಹಾರ, ಪೇಟ. ಎಲ್ಲರಿಗೂ ಕೊಡುತ್ತಿದ್ದ ಶಾಲಿಗಿಂತ ಇದು ದಪ್ಪ, ಅಂಚಿಗೆ ಜರಿ. ಕೆಲಸಗಾರರು ಎಡಗೈ ಎತ್ತಿ ಸಿದ್ಧರಾಗಿದ್ದರು. ನೂರಾರು ಜನರನ್ನು ಆ ಕುರ್ಚಿಯಲ್ಲಿ ಕೂರಿಸಿದವಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕೇ? ಆದರೂ ಒಬ್ಬರು ಬಾಯಿ ಬಿಟ್ಟು ಹೇಳಲಿ ಎಂದು ಆಸೆಯಾಯಿತು.

"ಸಾರ್, ಅಂದ್ರೆ ಕೆಲಸ?"

"ನಿಮ್ಮ ಸ್ಟೋರಿ ತುಂಬಾ ಇನ್‌ಸ್ಪೈರಿಂಗ್ ಮೇಡಂ," ಎಂದು ನಾಗೇಶ್ ಅವಳ ತಲೆಯ ಮೇಲೆ ಪೇಟ ಇಟ್ಟು, ಸ್ವಲ್ಪ ಎಡಕ್ಕೆ ಸರಿಪಡಿಸಿದ. "ಪುಣೆಯವರೊಬ್ಬರು ಸೋಮವಾರ ಜಾಯಿನ್ ಆಗ್ತಾರೆ, ನಿಮ್ಮ ಕಾಂಟ್ರಾಕ್ಟ್ ಅಲ್ಲಿಗೆ ಕ್ಲೋಸ್. ಪೇಜು ಹೇಗೆ ನಡೆಸೋದು ಅಂತ ಅವರಿಗೆ ತೋರಿಸ್ಕೊಟ್ಟು ಹೋಗಿ. ಆಮೇಲೆ ಇವತ್ತಿನ ಫೋಟೋ ಕೆಳಗಿನ ಬರಹ ನೀವೇ ಬರೆದ್ಬಿಡಿ, ನಿಮ್ಮಷ್ಟು ಚೆನ್ನಾಗಿ ನಮಗೆ ಯಾರಿಗೂ ಬರಲ್ಲ."

ಅವಳು ಬರೆದಳು. ಅಭ್ಯಾಸ ಬಲ. "ಇಂದು ನಮ್ಮ ಸಂಸ್ಥೆಯಿಂದ ತಿರಸ್ಕೃತರಾದ ಶ್ರೀಮತಿ ಗಂಗರತ್ನಮ್ಮ ಅವರಿಗೆ ಹಾರ್ದಿಕ ಅಭಿನಂದನೆಗಳು" ಎಂದು ಬರೆದು, ಈ ಹೆಂಗಸಿನಲ್ಲಿ ಒಳ್ಳೆಯದು ಏನಿದೆ ಎಂದು ಬಹಳ ಹೊತ್ತು ಯೋಚಿಸಿದಳು. ಕಡೆಗೆ "ಒಂಬತ್ತು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದಿಲ್ಲ" ಎಂದು ಸೇರಿಸಿದಳು. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಸಾವಿರ ಜನ ಮೆಚ್ಚಿದ್ದರು. ರಾಮಚಂದ್ರಪ್ಪ ಡೇರಿಯಿಂದ ಫೋನು ಮಾಡಿದ.

"ಏನಮ್ಮೀ, ನಿಂಗೆ ಸನ್ಮಾನ ಅಂತೆ? ಇಲ್ಲಿ ಎಲ್ರೂ ನನ್ ಕೈ ಕುಲುಕ್ತಾವ್ರೆ!"

"ಬೇಡಾದೋರ್ಗೆ ತಾನೆ ಮಾಡೋದು," ಎಂದಳು.

ಆ ಕಡೆ ಹಾಲಿನ ಕ್ಯಾನುಗಳ ಸದ್ದು ದೂರವಾಯಿತು. ಆಮೇಲೆ ರಾಮಚಂದ್ರಪ್ಪ ಮೆಲ್ಲಗೆ, "ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಗೆ ಊವ ಅನ್ನಂಗಾಯ್ತು. ಬಾ, ಮನೀಗ್ ಬಾ," ಎಂದ.

ಕಾಮಸಮುದ್ರದ ಬಸ್ಸಿನಲ್ಲಿ ಕೊಂಡಪ್ಪ ಪಕ್ಕದಲ್ಲೇ ಕೂತ. ಅವಳ ಮಡಿಲಲ್ಲಿದ್ದ ಶಾಲಿನ ಜರಿಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದ.

"ಅಮ್ಮಯ್ಯ, ಒಂದ್ ಮಾತು. ಇದ್ ನಂಗ್ ಕೊಟ್ಬುಡು, ನನ್ ಕೆಲ್ಸ ನೀನ್ ತಗಾ. ಕಂಪ್ನಿಗೇನು, ಲೆಕ್ಕಕ್ಕೆ ಒಂದ್ ತಲೆ ಇದ್ರಾಯ್ತು."

ಗಂಗರತ್ನಮ್ಮನಿಗೆ ನಗು ಬಂತು. ನಕ್ಕಳು, ನಗುತ್ತಲೇ ಇದ್ದಳು, ಆಮೇಲೆ ಅದು ನಗುವಲ್ಲ ಎಂದು ಕೊಂಡಪ್ಪನಿಗೂ ಗೊತ್ತಾಯಿತು. "ಅಳಬೇಡ ತಾಯಿ, ಪರ್ವಾಲೇದು, ಪರ್ವಾಲೇದು," ಎನ್ನುತ್ತಾ ಕೊಂಡಪ್ಪ ಶಾಲನ್ನು ಅವಳ ಮಡಿಲಿಗೇ ಮಡಿಸಿ ಇಟ್ಟ. ಆಕೆಗೆ ದುಃಖಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಇಷ್ಟು ಜನರ ಹೆಗಲ ಮೇಲೆ ಇದನ್ನು ಹಾಕಿ, ನಗು ಎಂದು ಹೇಳಿದ್ದಳಲ್ಲ.

ಕಣ್ಣೊರೆಸಿಕೊಂಡು ಫೋನು ತೆಗೆದಳು. ಪೇಜಿಗೆ ಹೋಗಿ, ಅಭ್ಯರ್ಥಿಗಳು ಅಭಿಪ್ರಾಯ ಬರೆಯುವ ಜಾಗ ತೆರೆದಳು. ಅಲ್ಲಿಗೆ ಎಲ್ಲರನ್ನೂ ಕಳಿಸಿದ್ದಳು, ತಾನು ಹೋಗಿರಲಿಲ್ಲ. ಒಂದು ಸ್ಟಾರು ಒತ್ತಿದಳು. ಬಸ್ಸಿನ ಕುಲುಕಾಟಕ್ಕೆ ಅಕ್ಷರ ತಪ್ಪಿ ತಪ್ಪಿ, ಅಳಿಸಿ ಅಳಿಸಿ, ಹೆಸರು ಹಾಕಿ ಬರೆದಳು:

"ಊಟ ಚೆನ್ನಾಗಿತ್ತು. ಶಾಲು ಚೆನ್ನಾಗಿತ್ತು. ನನಗೆ ಕೆಲಸ ಬೇಕಾಗಿತ್ತು."

ಎರಡು ನಿಮಿಷಕ್ಕೆ ಫೋನು ಟಿಂಗ್ ಎಂದಿತು. ಕೆಳಗೆ ಯಾರೋ ಉತ್ತರ ಬರೆದಿದ್ದರು. ನವ್ಯ. ಎರಡೇ ಪದ: "ನನಗೂ ಆಂಟಿ."

ಆಮೇಲೆ ಬೇತಮಂಗಲದ ಹುಡುಗ, ಎಡಗೈಯಲ್ಲೂ ಗಂಟು ಹಾಕಬಲ್ಲವನು ಎಂದು ಅವಳು ಬರೆದಿದ್ದವನು: "ನನಗೂ." ಆಂಡರ್ಸನ್‌ಪೇಟೆಯ ಅಕ್ಕತಂಗಿಯರು ಬೇರೆ ಬೇರೆಯಾಗಿ: "ನನಗೂ", "ನನಗೂ." ಎಲ್ಲರೂ ಐದು ಸ್ಟಾರು ಕೊಟ್ಟವರೇ. ಪ್ರತಿ ಹೆಸರಿನ ಜೊತೆಗೂ ಆ ಮುಖ, ಆ ಕೈ, ತಾನು ಅವರ ಬಗ್ಗೆ ಬರೆದ ಒಂದೊಂದು ಸಾಲು ನೆನಪಾಗುತ್ತಾ ಹೋಯಿತು. ಹೆಡ್ ಆಫೀಸಿನ ನಂಬರಿನಿಂದ ಕರೆ ಬಂತು, ನಿಂತಿತು, ಮತ್ತೆ ಬಂತು. ಗಂಗರತ್ನಮ್ಮ ಎತ್ತಲಿಲ್ಲ. ಓದಬೇಕಾದ ಹೆಸರುಗಳು ಇನ್ನೂ ಇದ್ದವು.